ಎಚ್.ಡಿ. ದೇವೇಗೌಡ: ಬದುಕು ಮತ್ತು ರಾಜಕಾರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ದೇವೇಗೌಡರ ಬಗ್ಗೆ ಎರಡು ಸಾಲು ಬಾಯಿಪಾಠ ಮಾಡಿಕೊಂಡಿರುತ್ತಾರೆ: ದೇಶದ 11ನೇ ಪ್ರಧಾನಿ, ಆ ಹುದ್ದೆಗೇರಿದ ಏಕೈಕ ಕನ್ನಡಿಗ. ಉಳಿದವರ ನೆನಪಿನಲ್ಲಿರುವುದು ಸಭೆಯಲ್ಲಿ ಕಣ್ಣು ಮುಚ್ಚಿ ಕೂತ ಒಂದು ಚಿತ್ರ, ಇಲ್ಲವೇ ಕುಟುಂಬ ರಾಜಕಾರಣದ ಮಾತು. ಇವೆರಡರ ನಡುವೆ ಅವರ ಆಡಳಿತ ಕಳೆದುಹೋಗಿದೆ. ನೀರಾವರಿಯ ಹಿನ್ನೆಲೆಯಿಂದ ಬಂದ ಒಬ್ಬ ಮನುಷ್ಯ ಹನ್ನೊಂದು ತಿಂಗಳಿಗೂ ಕಡಿಮೆ ಅವಧಿ ದಿಲ್ಲಿಯಲ್ಲಿ ಕೂತು ಏನೇನು ಶುರು ಮಾಡಿದರು ಎಂಬುದನ್ನು ಸರಿಯಾಗಿ ಲೆಕ್ಕ ಹಾಕಿದವರು ಕಡಿಮೆ. ಹಾಗಾಗಿ ಇಲ್ಲಿನ ಉತ್ತರಗಳಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಅವರು ಹುಟ್ಟಿದ್ದು ಎಲ್ಲಿ? ಹೆಸರಿನ ಎಚ್.ಡಿ. ಎಂದರೇನು?

1933ರ ಮೇ 18ರಂದು, ಹಾಸನ ಜಿಲ್ಲೆ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ. ತಂದೆ ದೊಡ್ಡೇಗೌಡರು, ತಾಯಿ ದೇವಮ್ಮ. ಬೇಸಾಯದ ಮನೆ. ಊರಿನ ಹೆಸರು, ಅಪ್ಪನ ಹೆಸರು ಸೇರಿ ಎಚ್.ಡಿ. ಆಯಿತು. 1954ರಲ್ಲಿ ಚೆನ್ನಮ್ಮನವರನ್ನು ಮದುವೆಯಾದರು. ನಾಲ್ವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ರಾಜಕೀಯದಲ್ಲಿ ಹೆಸರು ಮಾಡಿದವರು ಎಚ್.ಡಿ. ರೇವಣ್ಣ ಮತ್ತು ಎರಡು ಬಾರಿ ಮುಖ್ಯಮಂತ್ರಿಯಾದ ಎಚ್.ಡಿ. ಕುಮಾರಸ್ವಾಮಿ.

ಓದಿದ್ದೇನು? ಅವರು ಎಂಜಿನಿಯರ್ ಹೌದೇ?

ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ ಮಾಡಿದರು. ಆಮೇಲೆ ಸಣ್ಣಪುಟ್ಟ ಗುತ್ತಿಗೆ ಕೆಲಸ. ಹಾಗಾಗಿ ಎಂಜಿನಿಯರಿಂಗ್ ಪದವೀಧರರು ಎನ್ನುವುದು ಸರಿಯಲ್ಲ. ಆದರೆ ನಾಲೆ, ತೂಬು, ಏರಿ, ಅಂದಾಜು ಪಟ್ಟಿ ಇವೆಲ್ಲ ಅವರಿಗೆ ಕಡತ ಓದಿ ಗೊತ್ತಾದ ವಿಷಯಗಳಲ್ಲ. ಅವರ ಮುಂದೆ ಕೂತ ಎಂಜಿನಿಯರುಗಳು ಲೆಕ್ಕ ಸರಿಯಾಗಿಟ್ಟುಕೊಂಡೇ ಬರಬೇಕಿತ್ತು.

ರಾಜಕೀಯಕ್ಕೆ ಬಂದದ್ದು ಹೇಗೆ?

1953ರಲ್ಲಿ ಕಾಂಗ್ರೆಸ್ ಸೇರಿದರು. ತಾಲ್ಲೂಕು ಮಟ್ಟದಲ್ಲಿ, ಸಹಕಾರ ಸಂಘದಲ್ಲಿ ಕೆಲಸ ಮಾಡಿದರು. 1962ರಲ್ಲಿ ಪಕ್ಷ ಬಿಟ್ಟು ಹೊಳೆನರಸೀಪುರದಿಂದ ಪಕ್ಷೇತರರಾಗಿ ನಿಂತು ಗೆದ್ದರು. ಆಗ ವಯಸ್ಸು ಇಪ್ಪತ್ತೊಂಬತ್ತು ತುಂಬಿರಲಿಲ್ಲ. ಅಲ್ಲಿಂದ 1985ರವರೆಗೆ ಆ ಕ್ಷೇತ್ರದ ಜನ ಪ್ರತಿ ಸಾರ್ವತ್ರಿಕ ಚುನಾವಣೆಯಲ್ಲೂ ಅವರನ್ನೇ ಗೆಲ್ಲಿಸಿದರು.

ಕಾಂಗ್ರೆಸ್ ಒಡೆದಾಗ ಇಂದಿರಾ ಗಾಂಧಿಯವರ ಬಣದ ಕಡೆ ಹೋಗದೆ ಸಂಸ್ಥಾ ಕಾಂಗ್ರೆಸ್ಸಿನಲ್ಲಿ ನಿಂತರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ 1972ರಿಂದಾಚೆ ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕ. ಅರಸು ಅವರಂಥ ಪ್ರಬಲ ಮುಖ್ಯಮಂತ್ರಿಯ ಎದುರು ಅಂಕಿಅಂಶ ಹಿಡಿದು ಗಂಟೆಗಟ್ಟಲೆ ಮಾತಾಡುವುದನ್ನು ಕಲಿತದ್ದು ಆಗ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲು ಸೇರಿದರು. ಅಲ್ಲಿ ದೇಶದ ದೊಡ್ಡ ನಾಯಕರ ಜೊತೆ ಒಡನಾಟವಾಯಿತು, ಓದೂ ನಡೆಯಿತು. ಹೊರಬಂದಾಗ ಜನತಾ ಪಕ್ಷ ಕಾದಿತ್ತು.

ನೀರಾವರಿ ಎಂದೊಡನೆ ಅವರ ಹೆಸರು ಯಾಕೆ ಬರುತ್ತದೆ?

ಇದು ಅರ್ಥವಾಗದಿದ್ದರೆ ಗೌಡರ ರಾಜಕಾರಣವೇ ಅರ್ಥವಾಗುವುದಿಲ್ಲ.

ಅವರು ಶಾಸಕರಾದ ಹೊತ್ತಿಗೆ ಕಾವೇರಿ ಕಣಿವೆಯಲ್ಲಿ ಕರ್ನಾಟಕದ ಕೈ ಕಟ್ಟಿತ್ತು. 1924ರ ಮೈಸೂರು–ಮದ್ರಾಸು ಒಪ್ಪಂದದ ನೆರಳು ಇನ್ನೂ ಇತ್ತು. ಹೇಮಾವತಿ, ಹಾರಂಗಿ, ಕಬಿನಿಯಂಥ ಯೋಜನೆಗಳಿಗೆ ಅಂತರರಾಜ್ಯ ವಿವಾದದ ಕಾರಣಕ್ಕೆ ಕೇಂದ್ರದ ಒಪ್ಪಿಗೆ ಸಿಗುತ್ತಿರಲಿಲ್ಲ. ಒಪ್ಪಿಗೆ ಇಲ್ಲವೆಂದರೆ ಯೋಜನಾ ಹಣವೂ ಇಲ್ಲ. ರಾಜ್ಯ ತನ್ನ ಬೊಕ್ಕಸದಿಂದಲೇ ಅಣೆಕಟ್ಟು ಕಟ್ಟಬೇಕಾಯಿತು. ಹೇಮಾವತಿ ಅಣೆಕಟ್ಟು ಎದ್ದದ್ದು ಗೊರೂರಿನಲ್ಲಿ, ಗೌಡರ ಸ್ವಂತ ಜಿಲ್ಲೆಯಲ್ಲಿ. ಕಣ್ಣೆದುರೇ ಹೊಳೆ ಹರಿದರೂ ಹೊಲ ಒಣಗುವುದು ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1983ರಲ್ಲಿ ರಾಮಕೃಷ್ಣ ಹೆಗಡೆ ಸರ್ಕಾರ ಬಂದಾಗ ಲೋಕೋಪಯೋಗಿ ಮತ್ತು ನೀರಾವರಿ ಖಾತೆ ವಹಿಸಿಕೊಂಡರು. 1987ರಲ್ಲಿ ನೀರಾವರಿಗೆ ಸಾಕಷ್ಟು ಹಣ ಕೊಡುತ್ತಿಲ್ಲವೆಂದು ಸಂಪುಟದಿಂದಲೇ ಹೊರಬಂದರು. ಹೆಗಡೆ ಜೊತೆಗಿನ ಪೈಪೋಟಿಯೂ ಅದರ ಹಿಂದೆ ಇತ್ತು ಎನ್ನುವವರಿದ್ದಾರೆ. ಇದ್ದಿರಬಹುದು. ಆದರೂ ಮಂತ್ರಿಗಿರಿ ಬಿಡುವಾಗ ಕಾರಣವಾಗಿ ಕಾಲುವೆಯ ದುಡ್ಡನ್ನು ಮುಂದಿಟ್ಟವರು ನಮ್ಮ ರಾಜ್ಯದಲ್ಲಿ ಎಷ್ಟು ಜನ ಸಿಕ್ಕಾರು?

ಕಾವೇರಿಯ ವಿಷಯದಲ್ಲಿ ಅವರಿಗೆ ವಯಸ್ಸು ಅಡ್ಡಬರಲಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ರಾಜ್ಯ ಇಕ್ಕಟ್ಟಿಗೆ ಸಿಕ್ಕಾಗ, ಎಂಬತ್ತಮೂರರ ಗೌಡರು ವಿಧಾನಸೌಧದ ಗಾಂಧಿ ಪ್ರತಿಮೆ ಬಳಿ ಉಪವಾಸ ಕೂತರು. ಆಗ ಅಧಿಕಾರದಲ್ಲಿದ್ದದ್ದು ಅವರ ಪಕ್ಷವಲ್ಲ, ಸಿದ್ದರಾಮಯ್ಯನವರ ಕಾಂಗ್ರೆಸ್ ಸರ್ಕಾರ.

ಅವರು ಸೋತದ್ದೇ ಇಲ್ಲವೇ?

ಸೋತಿದ್ದಾರೆ, ಅದೂ ಜೋರಾಗಿಯೇ. 1989ರಲ್ಲಿ ಜನತಾ ಪರಿವಾರ ಒಡೆದು ಹೋಳಾಗಿದ್ದಾಗ ನಿಂತ ಎರಡೂ ವಿಧಾನಸಭಾ ಕ್ಷೇತ್ರಗಳಲ್ಲಿ ಮಣ್ಣುಮುಕ್ಕಿದರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಹೋದರು. ಮೂರೇ ವರ್ಷದಲ್ಲಿ ರಾಜ್ಯಕ್ಕೆ ಮರಳಿ ಜನತಾದಳವನ್ನು ಕಟ್ಟಿ ನಿಲ್ಲಿಸಿದರು.

ಮುಖ್ಯಮಂತ್ರಿಯಾಗಿ ಮಾಡಿದ್ದೇನು?

1994ರ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ 115 ಗೆದ್ದು ಜನತಾದಳ ಅಧಿಕಾರ ಹಿಡಿಯಿತು. ಆ ವರ್ಷದ ಡಿಸೆಂಬರ್ 11ರಂದು ಗೌಡರು ಪ್ರಮಾಣವಚನ ತೆಗೆದುಕೊಂಡರು. ಕೂತದ್ದು ಒಂದೂವರೆ ವರ್ಷ.

ಹಿಂದುಳಿದ ವರ್ಗಗಳ ಮೀಸಲಾತಿಯೊಳಗೆ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ 4 ಪಾಲು ಜಾರಿಯಾದದ್ದು ಅವರ ಕಾಲದಲ್ಲಿ, 1995ರಲ್ಲಿ. 1994ರಲ್ಲಿ ಗೋಲಿಬಾರ್ ಆಗಿ ಜೀವಗಳು ಹೋಗಿದ್ದ ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ 1995ರಲ್ಲಿ ಶಾಂತಿಯಿಂದ ರಾಷ್ಟ್ರಧ್ವಜ ಹಾರಿತು. ಬೆಂಗಳೂರು–ಮೈಸೂರು ಕಾರಿಡಾರ್ ಯೋಜನೆಯ ಮೊದಲ ಒಪ್ಪಂದವೂ ಅದೇ ವರ್ಷದ್ದು. ಮುಂದೆ ಅದೇ ಯೋಜನೆಯನ್ನು, ರೈತರ ಭೂಮಿ ಬೇಕಿದ್ದಕ್ಕಿಂತ ಹೆಚ್ಚು ಹೋಗುತ್ತಿದೆ ಎಂದು, ಅತಿ ಜೋರಾಗಿ ವಿರೋಧಿಸಿದವರೂ ಅವರೇ. ತಾವೇ ಬಾಗಿಲು ತೆರೆದದ್ದಲ್ಲವೇ ಎಂಬ ಪ್ರಶ್ನೆ ಅವರನ್ನು ಬೆನ್ನು ಬಿಡಲಿಲ್ಲ, ಬಿಡಬೇಕಾಗಿಯೂ ಇಲ್ಲ.

46 ಸಂಸದರ ಪಕ್ಷದವರು ಪ್ರಧಾನಿಯಾದದ್ದು ಹೇಗೆ?

1996ರ ಲೋಕಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಬಿಜೆಪಿಗೆ 161, ಕಾಂಗ್ರೆಸ್ಸಿಗೆ 140, ಜನತಾದಳಕ್ಕೆ 46. ಅಟಲ್ ಬಿಹಾರಿ ವಾಜಪೇಯಿ ಸರ್ಕಾರ ಹದಿಮೂರು ದಿನಕ್ಕೆ ಬಿತ್ತು. 13 ಪಕ್ಷಗಳು ಕೂಡಿ ಸಂಯುಕ್ತ ರಂಗ ಮಾಡಿಕೊಂಡವು, ಕಾಂಗ್ರೆಸ್ ಹೊರಗಿನಿಂದ ಬೆಂಬಲ ಕೊಡಲು ಒಪ್ಪಿತು. ಸಾರಥಿ ಯಾರೆಂಬುದೇ ಕಗ್ಗಂಟಾಯಿತು.

ಮೊದಲು ಎಲ್ಲರ ಬಾಯಲ್ಲಿದ್ದದ್ದು ವಿ.ಪಿ. ಸಿಂಗ್. ಅವರು ಖಡಾಖಂಡಿತ ಒಲ್ಲೆ ಎಂದರು. ಆಮೇಲೆ ಪಶ್ಚಿಮ ಬಂಗಾಳದ ಜ್ಯೋತಿ ಬಸು. ಅವರಿಗೆ ಅವರದೇ ಪಕ್ಷ ಸಿಪಿಎಂ ಒಪ್ಪಿಗೆ ಕೊಡಲಿಲ್ಲ. ಅದನ್ನು ಬಸು ಮುಂದೆ ಚಾರಿತ್ರಿಕ ಪ್ರಮಾದ ಎಂದೇ ಕರೆದರು. ಆಗ ಗೌಡರ ಹೆಸರು ಬಂತು.

ಅದೃಷ್ಟ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 16 ಗೆದ್ದುಕೊಟ್ಟದ್ದು ಅವರ ನಾಯಕತ್ವದ ಜನತಾದಳ. ಇಡೀ ಪಕ್ಷದ ಬಲದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು. ಲಾಲು, ಮುಲಾಯಂ, ಚಂದ್ರಬಾಬು ನಾಯ್ಡು, ಎಡಪಕ್ಷಗಳು, ದ್ರಾವಿಡ ಪಕ್ಷಗಳು, ಇವರೆಲ್ಲರಿಗೂ ಬೇಡವೆನಿಸದ ಹೆಸರು ಅದೊಂದೇ ಆಗಿತ್ತು. 1996ರ ಜೂನ್ 1ರಂದು ಪ್ರಮಾಣವಚನ ಆಯಿತು. ಬೆಂಗಳೂರಿನಲ್ಲಿ ಅವರ ಜಾಗಕ್ಕೆ ಜೆ.ಎಚ್. ಪಟೇಲ್ ಬಂದರು.

ಸಂಸದರಲ್ಲದವರು ಪ್ರಧಾನಿಯಾಗಬಹುದೇ?

ಆಗಬಹುದು. ಆರು ತಿಂಗಳೊಳಗೆ ಎರಡರಲ್ಲಿ ಒಂದು ಸದನದ ಸದಸ್ಯರಾಗಬೇಕು. ಗೌಡರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು.

ಹಿಂದಿ ಬಾರದೆ ಹೇಗೆ ನಿಭಾಯಿಸಿದರು?

1996ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಹಿಂದಿಯಲ್ಲೇ ಭಾಷಣ ಮಾಡಿದರು. ಹಿಂದಿ ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡಿದ್ದರು. ದಿಲ್ಲಿಯ ಪತ್ರಿಕಾವಲಯದಲ್ಲಿ ಇದು ಕುಹಕದ ವಸ್ತುವಾಯಿತು. ಅರವತ್ತಮೂರನೇ ವಯಸ್ಸಿನಲ್ಲಿ, ತನ್ನದಲ್ಲದ ಭಾಷೆಯಲ್ಲಿ, ಇಡೀ ದೇಶದ ಎದುರು ನಿಂತು ಓದುವ ಧೈರ್ಯ ನನಗೆ ದೊಡ್ಡದಾಗಿ ಕಾಣುತ್ತದೆ. ಉತ್ತರಾಖಂಡ ರಾಜ್ಯ ರಚನೆಯ ನಿರ್ಧಾರವನ್ನು ಪ್ರಕಟಿಸಿದ್ದೂ ಅದೇ ಭಾಷಣದಲ್ಲಿ. ಬೆಟ್ಟದ ಜನ ವರ್ಷಗಟ್ಟಲೆ ಹೋರಾಡಿ ಕಾದಿದ್ದ ಮಾತನ್ನು ಹಾಸನದ ರೈತರೊಬ್ಬರ ಬಾಯಲ್ಲಿ ಕೇಳಿದರು. ರಾಜ್ಯ ಉದಯವಾದದ್ದು 2000ದ ನವೆಂಬರ್‌ನಲ್ಲಿ.

ಹನ್ನೊಂದು ತಿಂಗಳೂ ತುಂಬದ ಅವಧಿಯಲ್ಲಿ ಆದದ್ದೇನು?

ನೀರಿನಿಂದ ಶುರು ಮಾಡೋಣ. 1996ರ ಡಿಸೆಂಬರ್ 12ರಂದು ದಿಲ್ಲಿಯಲ್ಲಿ ಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ ಗಂಗಾ ಜಲ ಒಪ್ಪಂದಕ್ಕೆ ಸಹಿ ಹಾಕಿದರು. ಫರಕ್ಕಾ ಬ್ಯಾರೇಜಿನಲ್ಲಿ ಜನವರಿಯಿಂದ ಮೇವರೆಗೆ, ಅಂದರೆ ಹೊಳೆ ಸೊರಗುವ ತಿಂಗಳುಗಳಲ್ಲಿ, ಯಾರಿಗೆಷ್ಟು ನೀರು ಎಂಬುದನ್ನು 30 ವರ್ಷಗಳಿಗೆ ಗೊತ್ತುಮಾಡಿದ ಒಪ್ಪಂದವದು. ಎರಡು ದಶಕಕ್ಕೂ ಹೆಚ್ಚು ಕಾಲ ಎಳೆದಾಡಿದ ಜಗಳ. ವಿದೇಶಾಂಗ ಸಚಿವ ಇಂದ್ರಕುಮಾರ್ ಗುಜ್ರಾಲ್ ಮತ್ತು ಜ್ಯೋತಿ ಬಸು ಅವರ ಪಾತ್ರ ಅದರಲ್ಲಿ ದೊಡ್ಡದು, ಅದನ್ನು ಮರೆಯಬಾರದು. ಆದರೆ ಕೆಳಗಿನ ಹರಿವಿನ ರಾಜ್ಯದ ಜೊತೆ ಜಗಳವಾಡಿ ಗೊತ್ತಿದ್ದ ಕಾವೇರಿ ಕಣಿವೆಯ ಮನುಷ್ಯ, ಕೆಳಗಿನ ದೇಶಕ್ಕೆ ನ್ಯಾಯವಾದ ಪಾಲು ಕೊಡಲು ಸಹಿ ಹಾಕಿದ್ದು ಸಣ್ಣ ಸಂಗತಿಯಲ್ಲ.

ಹಣವಿಲ್ಲದೆ ನಿಂತುಹೋದ ನೀರಾವರಿ ಯೋಜನೆಗಳಿಗೆ ಕೇಂದ್ರದಿಂದ ಸಾಲ ಕೊಡುವ ತ್ವರಿತ ನೀರಾವರಿ ಪ್ರಯೋಜನ ಕಾರ್ಯಕ್ರಮ ಶುರುವಾದದ್ದು 1996–97ರಲ್ಲಿ. ಕೃಷ್ಣಾ ಮೇಲ್ದಂಡೆಯಂಥ ಯೋಜನೆಗಳಿಗೆ ಅದರಿಂದ ಹಣ ಹರಿದುಬಂತು. ಸ್ವಂತ ಬೊಕ್ಕಸ ಬಳಿದು ಹೇಮಾವತಿ ಕಟ್ಟಿದ ರಾಜ್ಯದಿಂದ ಬಂದವರಿಗೆ ಈ ಕಾರ್ಯಕ್ರಮ ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಿಲ್ಲ.

ಈಶಾನ್ಯ ರಾಜ್ಯಗಳಲ್ಲಿ ದಿನಗಟ್ಟಲೆ ಸುತ್ತಾಡಿ 1996ರ ಅಕ್ಟೋಬರ್‌ನಲ್ಲಿ 6,100 ಕೋಟಿ ರೂಪಾಯಿಗಳ ಪ್ಯಾಕೇಜ್ ಪ್ರಕಟಿಸಿದರು. ಕೇಂದ್ರದ ಇಲಾಖೆಗಳು ಬಜೆಟ್‌ನ ಶೇ 10ರಷ್ಟನ್ನು ಆ ಭಾಗಕ್ಕೆ ಮೀಸಲಿಡಬೇಕೆಂಬ ಪದ್ಧತಿಯ ಬೇರು ಅಲ್ಲಿದೆ. 1997ರ ಜನವರಿಯಲ್ಲಿ ಅಸ್ಸಾಮಿನ ಬೋಗಿಬೀಲ್‌ನಲ್ಲಿ ಬ್ರಹ್ಮಪುತ್ರದ ಮೇಲಿನ ರೈಲು–ರಸ್ತೆ ಸೇತುವೆಗೆ ಅಡಿಗಲ್ಲು ಹಾಕಿದರು. 4.94 ಕಿ.ಮೀ. ಉದ್ದದ ಆ ಸೇತುವೆ ಉದ್ಘಾಟನೆಯಾದದ್ದು 2018ರ ಡಿಸೆಂಬರ್ 25ಕ್ಕೆ. 1997ರ ಫೆಬ್ರುವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಾಗಾ ಬಂಡುಕೋರ ನಾಯಕರಾದ ಐಸಾಕ್ ಸ್ವು ಮತ್ತು ಮುಯಿವಾ ಅವರನ್ನು ಭೇಟಿಯಾಗಿ ಮಾತಾಡಿದರು. ಅದೇ ವರ್ಷ ಆಗಸ್ಟ್‌ನಿಂದ ಕದನವಿರಾಮ ಜಾರಿಗೆ ಬಂತು. ಅಷ್ಟರಲ್ಲಿ ಗೌಡರು ಹುದ್ದೆಯಲ್ಲಿರಲಿಲ್ಲ.

ಕಾಶ್ಮೀರಕ್ಕೆ ಪ್ರಧಾನಿಯೊಬ್ಬರು ಕಾಲಿಟ್ಟು ವರ್ಷಗಳೇ ಕಳೆದಿದ್ದವು. ಗೌಡರು ಹೋದರು. ವರ್ಷಗಟ್ಟಲೆ ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದ ರಾಜ್ಯದಲ್ಲಿ 1996ರ ಶರತ್ಕಾಲದಲ್ಲಿ ವಿಧಾನಸಭಾ ಚುನಾವಣೆ ನಡೆದು ಫಾರೂಕ್ ಅಬ್ದುಲ್ಲಾ ಮುಖ್ಯಮಂತ್ರಿಯಾದರು. ಉಧಂಪುರ–ಶ್ರೀನಗರ–ಬಾರಾಮುಲ್ಲಾ ರೈಲು ಮಾರ್ಗಕ್ಕೂ 1997ರಲ್ಲಿ ಅಡಿಗಲ್ಲು ಬಿತ್ತು. ಅದು ಪೂರ್ತಿಯಾದದ್ದು 2025ರಲ್ಲಿ.

ಚೀನಾ ವಿಷಯ ಕನ್ನಡದಲ್ಲಿ ಚರ್ಚೆಯಾದದ್ದೇ ಕಡಿಮೆ. 1996ರ ನವೆಂಬರ್ 29ರಂದು, ಚೀನಾ ಅಧ್ಯಕ್ಷ ಜಿಯಾಂಗ್ ಝೆಮಿನ್ ದಿಲ್ಲಿಗೆ ಬಂದಿದ್ದಾಗ, ವಾಸ್ತವ ನಿಯಂತ್ರಣ ರೇಖೆಯ ಬಗ್ಗೆ ಒಂದು ಒಪ್ಪಂದವಾಯಿತು. ರೇಖೆಯಿಂದ 2 ಕಿ.ಮೀ. ಒಳಗೆ ಎರಡೂ ಕಡೆಯವರು ಗುಂಡು ಹಾರಿಸಬಾರದು ಎಂಬ ಷರತ್ತು ಅದರಲ್ಲಿದೆ. 2020ರಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ ಸೈನಿಕರು ಯಾಕೆ ಬಂದೂಕು ಬಳಸಲಿಲ್ಲ ಎಂದು ದೇಶವೇ ಕೇಳಿದಾಗ, ಸರ್ಕಾರ ಉತ್ತರದಲ್ಲಿ ಹೆಸರಿಸಿದ ಒಪ್ಪಂದಗಳಲ್ಲಿ ಇದೂ ಒಂದು.

ಇನ್ನು ಉಳಿದವು: ಜಿನಿವಾದಲ್ಲಿ ಸಮಗ್ರ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ಭಾರತ ಒಪ್ಪಲಿಲ್ಲ. ರಷ್ಯಾದ ಜೊತೆ ಸುಖೋಯ್–30 ವಿಮಾನಗಳ ಖರೀದಿ ಒಪ್ಪಂದವಾಯಿತು. ದಿಲ್ಲಿ ಮೆಟ್ರೊ ಮೊದಲ ಹಂತಕ್ಕೆ ಸಂಪುಟದ ಒಪ್ಪಿಗೆ ಸಿಕ್ಕಿತು. ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ಪೆಸಾ ಕಾಯ್ದೆ ಬಂತು. 1996ರ ಸೆಪ್ಟೆಂಬರ್ 12ರಂದು ಮಹಿಳಾ ಮೀಸಲಾತಿ ಮಸೂದೆ ಮೊದಲ ಬಾರಿಗೆ ಲೋಕಸಭೆಯಲ್ಲಿ ಮಂಡನೆಯಾಯಿತು.

'ಕನಸಿನ ಬಜೆಟ್' ಶ್ರೇಯ ಚಿದಂಬರಂ ಅವರದೋ, ಗೌಡರದೋ?

1997ರ ಫೆಬ್ರುವರಿ 28ರಂದು ಅದನ್ನು ಮಂಡಿಸಿದ್ದು ಹಣಕಾಸು ಸಚಿವ ಪಿ. ಚಿದಂಬರಂ. ವೈಯಕ್ತಿಕ ಆದಾಯ ತೆರಿಗೆಯ ಗರಿಷ್ಠ ದರ ಶೇ 40ರಿಂದ ಶೇ 30ಕ್ಕೆ ಇಳಿಯಿತು. ತಯಾರಿಸಿದ ಶ್ರೇಯ ಅವರಿಗೇ ಸಲ್ಲಬೇಕು. ಎಡಪಕ್ಷಗಳ ಬೆಂಬಲದಲ್ಲಿ ನಿಂತ ಸರ್ಕಾರದಲ್ಲಿ ಅಂಥ ಬಜೆಟ್ಟಿಗೆ ಬೆನ್ನು ಕೊಟ್ಟ ಪ್ರಧಾನಿಯ ಹೆಸರನ್ನೂ ಅದರ ಜೊತೆ ಹೇಳುವುದು ನ್ಯಾಯ.

ಸರ್ಕಾರ ಬಿದ್ದದ್ದು ಯಾಕೆ?

ಕಾಂಗ್ರೆಸ್ ಅಧ್ಯಕ್ಷ ಸೀತಾರಾಂ ಕೇಸರಿ 1997ರ ಮಾರ್ಚ್ 30ರಂದು ಬೆಂಬಲ ಹಿಂತೆಗೆದರು. ಕೋಮುಶಕ್ತಿಗಳನ್ನು ತಡೆಯುವಲ್ಲಿ ಸರ್ಕಾರ ಸೋತಿದೆ, ಕಾಂಗ್ರೆಸ್ಸನ್ನು ಕಡೆಗಣಿಸಿದೆ ಎಂಬುದು ಕೊಟ್ಟ ಕಾರಣ. ಕೇಸರಿಯವರನ್ನು ಓಲೈಸಿಕೊಂಡು ಹೋಗುವ ಜಾಯಮಾನ ಗೌಡರದ್ದಾಗಿರಲಿಲ್ಲ ಎಂಬುದೂ ನಿಜ. ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಸೋತರು. ಹಗರಣದಿಂದಲ್ಲ, ಸದನದೊಳಗಿನ ಲೆಕ್ಕದಿಂದ ಬಿದ್ದ ಸರ್ಕಾರವದು. ಏಪ್ರಿಲ್ 21ರಂದು ಗುಜ್ರಾಲ್ ಪ್ರಧಾನಿಯಾದರು. ಅದೇ ಸಂಯುಕ್ತ ರಂಗ, ಅದೇ ಕಾಂಗ್ರೆಸ್ ಬೆಂಬಲ. ಬದಲಾದದ್ದು ಮನುಷ್ಯ ಮಾತ್ರ.

ಸಭೆಯಲ್ಲಿ ನಿದ್ದೆ ಮಾಡುತ್ತಿದ್ದರು ಎನ್ನುವ ಮಾತು?

ಫೋಟೊಗಳಿವೆ. ಆದರೆ ಮೇಲಿನ ಪಟ್ಟಿಯನ್ನು ಓದಿದ ಮೇಲೂ ಆ ಫೋಟೊವೇ ಅವರ ಆಡಳಿತದ ಸಾರ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ.

ರಾಮಕೃಷ್ಣ ಹೆಗಡೆಯವರನ್ನು ಹೊರಹಾಕಿಸಿದ್ದು ಸರಿಯೇ?

ಸರಿಯಲ್ಲ. ಗೌಡರು ಪ್ರಧಾನಿಯಾದ ಕೆಲವೇ ವಾರಗಳಲ್ಲಿ ಹೆಗಡೆಯವರನ್ನು ಜನತಾದಳದಿಂದ ಉಚ್ಚಾಟಿಸಲಾಯಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ಲಾಲು ಪ್ರಸಾದ್. ಆದರೂ ಗೌಡರ ಇಚ್ಛೆ ಇಲ್ಲದೆ ಅದು ನಡೆಯಿತೆಂದು ಕರ್ನಾಟಕದಲ್ಲಿ ನಂಬಿದವರು ಕಡಿಮೆ. ಹೆಗಡೆ ಲೋಕಶಕ್ತಿ ಕಟ್ಟಿ 1998ರಲ್ಲಿ ಬಿಜೆಪಿ ಜೊತೆ ಹೋದರು. ಉತ್ತರ ಕರ್ನಾಟಕದಲ್ಲಿ ಜನತಾ ಪರಿವಾರಕ್ಕಿದ್ದ ನೆಲೆ ಕುಸಿಯಲು ಇದು ದೊಡ್ಡ ಕಾರಣವಾಯಿತು. ಇಬ್ಬರಲ್ಲಿ ಒಬ್ಬರಾದರೂ ಒಂದು ಹೆಜ್ಜೆ ಹಿಂದೆ ಸರಿದಿದ್ದರೆ ರಾಜ್ಯದ ರಾಜಕಾರಣದ ದಾರಿಯೇ ಬೇರೆಯಾಗುತ್ತಿತ್ತು ಎಂದು ಆ ಪರಿವಾರದ ಹಳಬರು ಈಗಲೂ ನೊಂದು ಹೇಳುತ್ತಾರೆ.

ಪ್ರಧಾನಿ ಹುದ್ದೆಯ ನಂತರ?

1999ರಲ್ಲಿ ಜನತಾದಳ ಮತ್ತೆ ಒಡೆದು ಜಾತ್ಯತೀತ ಜನತಾದಳ ಹುಟ್ಟಿತು. ಆ ವರ್ಷ ಹಾಸನದಲ್ಲೇ ಗೌಡರು ಸೋತರು. 2002ರ ಕನಕಪುರ ಉಪಚುನಾವಣೆಯಲ್ಲಿ ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿ ಮತ್ತೆ ಲೋಕಸಭೆ ಹೊಕ್ಕರು. 2004ರಲ್ಲಿ ಎರಡು ಕಡೆ ನಿಂತು, ಹಾಸನ ಗೆದ್ದು, ಕನಕಪುರದಲ್ಲಿ ತೇಜಸ್ವಿನಿ ಅವರ ಎದುರು ಸೋತರು. 2009, 2014ರಲ್ಲೂ ಹಾಸನವೇ. 2019ರಲ್ಲಿ ಹಾಸನವನ್ನು ಮೊಮ್ಮಗ ಪ್ರಜ್ವಲ್ ರೇವಣ್ಣಗೆ ಬಿಟ್ಟುಕೊಟ್ಟು ತುಮಕೂರಿಗೆ ಹೋಗಿ ಜಿ.ಎಸ್. ಬಸವರಾಜು ಎದುರು ಸೋತರು. ಹೇಮಾವತಿ ನೀರಿನ ಹಂಚಿಕೆಯ ಅಸಮಾಧಾನ ಅಲ್ಲಿ ಅವರ ವಿರುದ್ಧ ತಿರುಗಿತ್ತು. 2020ರ ಜೂನ್‌ನಲ್ಲಿ ರಾಜ್ಯಸಭೆಗೆ ಅವಿರೋಧವಾಗಿ ಆಯ್ಕೆಯಾದರು.

ಕುಟುಂಬ ರಾಜಕಾರಣದ ಆರೋಪಕ್ಕೆ ಏನು ಹೇಳುತ್ತೀರಿ?

ಆರೋಪ ನಿಜ. ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ಸ್ಥಾನ ಪಡೆಯುತ್ತ ಹೋದಂತೆ ಪಕ್ಷದಲ್ಲಿ ಬೆಳೆದ ಎಷ್ಟೋ ಸಮರ್ಥರು ಹೊರನಡೆದರು. ಸಿದ್ದರಾಮಯ್ಯನವರೂ ಒಂದು ಕಾಲಕ್ಕೆ ಅಲ್ಲೇ ಇದ್ದವರು. ಅತಿ ನೋವಿನ ಅಧ್ಯಾಯ ಬಂದದ್ದು 2024ರಲ್ಲಿ. ಪ್ರಜ್ವಲ್ ಮೇಲೆ ಲೈಂಗಿಕ ದೌರ್ಜನ್ಯದ ಆರೋಪಗಳು ಬಂದು ಅವರು ವಿದೇಶದಲ್ಲಿದ್ದಾಗ, ವಾಪಸಾಗಿ ಶರಣಾಗುವಂತೆ ತಾತ ಬಹಿರಂಗ ಪತ್ರ ಬರೆದರು. 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್‌ಗೆ ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಕ್ಷೇತ್ರ ಬಿಟ್ಟುಕೊಟ್ಟವರು ಯಾರು ಎಂಬ ಪ್ರಶ್ನೆಯನ್ನು, ಗೌಡರ ಮೇಲೆ ಗೌರವವಿರುವ ನನ್ನಂಥವರೂ ಕೇಳಲೇಬೇಕು. ಆ ಹೆಣ್ಣುಮಕ್ಕಳ ನೋವಿನ ಮುಂದೆ ಬೇರೆ ಯಾವ ಲೆಕ್ಕವೂ ದೊಡ್ಡದಲ್ಲ.

ಜಾತ್ಯತೀತ ಪಕ್ಷ ಬಿಜೆಪಿ ಜೊತೆ ಹೋದದ್ದು?

2006ರಲ್ಲಿ ಕುಮಾರಸ್ವಾಮಿ ಬಿಜೆಪಿ ಜೊತೆ ಸರ್ಕಾರ ಮಾಡಿದಾಗ ಗೌಡರು ಬಹಿರಂಗವಾಗಿ ವಿರೋಧಿಸಿದ್ದರು. 2018ರಲ್ಲಿ ಕಾಂಗ್ರೆಸ್ ಜೊತೆ ಸರ್ಕಾರವಾಯಿತು. 2023ರ ವಿಧಾನಸಭೆಯಲ್ಲಿ ಪಕ್ಷ 19 ಸ್ಥಾನಕ್ಕೆ ಇಳಿದ ಮೇಲೆ ಎನ್‌ಡಿಎ ಸೇರಿತು. ಈ ಸಲ ಗೌಡರು ಆ ನಿರ್ಧಾರವನ್ನು ಸಮರ್ಥಿಸಿದರು. ಪಕ್ಷ ಉಳಿಸಿಕೊಳ್ಳುವುದೇ ಅವರ ಮುಂದಿದ್ದ ಕಾರಣ. 1996ರಲ್ಲಿ ಅವರನ್ನು ಪ್ರಧಾನಿ ಮಾಡಿದ ಕೂಟ ಕಟ್ಟಿದ್ದೇ ಬಿಜೆಪಿಯನ್ನು ಹೊರಗಿಡಲು ಎಂಬುದನ್ನು ನೆನೆದರೆ ಈ ತಿರುವು ನುಂಗಲಾರದ ತುತ್ತು.

ಅವರು ಶುರು ಮಾಡಿದ್ದರಲ್ಲಿ ಇನ್ನೂ ಮುಗಿಯದಿರುವುದು ಏನು?

ಗಂಗಾ ಒಪ್ಪಂದದ 30 ವರ್ಷಗಳ ಅವಧಿ 2026ರ ಡಿಸೆಂಬರ್‌ವರೆಗೆ. ಮಹಿಳಾ ಮೀಸಲಾತಿ 2023ರ ಸೆಪ್ಟೆಂಬರ್‌ನಲ್ಲಿ 106ನೇ ತಿದ್ದುಪಡಿಯಾಗಿ ಅಂಗೀಕಾರವಾಯಿತು, ಆಗ ಗೌಡರು ರಾಜ್ಯಸಭೆಯಲ್ಲಿದ್ದರು. ಅದರ ಜಾರಿಯನ್ನು ಜನಗಣತಿ ಮತ್ತು ಕ್ಷೇತ್ರ ಮರುವಿಂಗಡಣೆಗೆ ಕಟ್ಟಲಾಯಿತು.

ಕರ್ನಾಟಕಕ್ಕೆ ಹತ್ತಿರದ್ದು ಆಲಮಟ್ಟಿ. 1996ರಲ್ಲಿ ಅಣೆಕಟ್ಟಿನ ಎತ್ತರದ ವಿಚಾರವಾಗಿ, ತಮ್ಮ ಸರ್ಕಾರದ ಆಧಾರಸ್ತಂಭವಾಗಿದ್ದ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಜೊತೆಯೇ ಗೌಡರಿಗೆ ತಿಕ್ಕಾಟವಾಯಿತು. ಕರ್ನಾಟಕದ ಪ್ರಧಾನಿ ಕರ್ನಾಟಕದ ಪರ ನಿಂತರೆ ಪಕ್ಷಪಾತ, ನಿಲ್ಲದಿದ್ದರೆ ದ್ರೋಹ ಎಂಬ ಸ್ಥಿತಿ. 2000ದಲ್ಲಿ ಸುಪ್ರೀಂ ಕೋರ್ಟ್ 519.6 ಮೀಟರ್‌ವರೆಗೆ ಅವಕಾಶ ಕೊಟ್ಟಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256 ಮೀಟರ್‌ಗೆ ಒಪ್ಪಿತು. ಅದರ ನಂತರವೂ ಪಕ್ಕದ ರಾಜ್ಯಗಳ ತಕರಾರು, ಸುಪ್ರೀಂ ಕೋರ್ಟಿನಲ್ಲಿನ ವ್ಯಾಜ್ಯ, ಮುಳುಗಡೆಯಾಗುವ ವಿಜಯಪುರ–ಬಾಗಲಕೋಟೆ ರೈತರ ಪರಿಹಾರ, ಇವುಗಳಲ್ಲೇ ಅದು ಸಿಕ್ಕಿಕೊಂಡಿತು.